ದೇವವ್ವನಿಗೆ ಅರವತ್ತು ತುಂಬುವುದು ಯಾವಾಗ?

ಬಡವರ ವಯಸ್ಸು ಬರೆಯುವ ಅಧಿಕಾರ ಹೊಂದಿರುವ ಮಾನ್ಯರೇ,

ಅರವತ್ತು ತುಂಬಿದವರೆಲ್ಲ ಹಿರಿಯ ನಾಗರಿಕರು ಎಂದಿರಿ. ಅವರಿಗೆ ಗುರುತಿನ ಚೀಟಿ ಎಂದಿರಿ, ಪಿಂಚಣಿ ಎಂದಿರಿ, ಕಚೇರಿಯಲ್ಲಿ ಬೇರೆ ಸಾಲು, ಕೂರಲು ಕುರ್ಚಿ ಎಂದಿರಿ. ಆಧಾರ್‌ನಲ್ಲಿ ವಯಸ್ಸು ತಪ್ಪಿದ್ದರೆ ಶಿಬಿರಕ್ಕೆ ಬನ್ನಿ, ವೈದ್ಯರು ನೋಡಿ ಸರಿಪಡಿಸುತ್ತಾರೆ ಎಂದಿರಿ. ಕುಪ್ಪೇಲೂರಿನ ದೇವವ್ವನಿಗೆ ಚೀಟಿ ಸಿಗಲಿಲ್ಲ, ಪಿಂಚಣಿ ಸಿಗಲಿಲ್ಲ, ವಯಸ್ಸೂ ಸರಿಯಾಗಲಿಲ್ಲ. ಕುರ್ಚಿಯ ಮಾತು ಬಿಡಿ, ಅದರ ಮೇಲೆ ನಿಮ್ಮ ಜವಾನರ ಊಟದ ಡಬ್ಬಿ ಕೂತಿತ್ತು.

ದೇವವ್ವ ಯಾರು ಎಂದು ನೀವು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಸೋಮವಾರ, ಗುರುವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಜೋರು. ಆ ದಿನಗಳಲ್ಲಿ ನಮ್ಮೂರಿನಿಂದ ಟೆಂಪೊ ತುಂಬ ಹೆಂಗಸರು ಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಾರೆ. ವರ್ಷಗಟ್ಟಲೆ ಆ ಘಾಟಿನಲ್ಲಿ ಕೂತ ದೇವವ್ವನ ಎದೆ ಈಗ ಗೊರಗೊರ ಎನ್ನುತ್ತದೆ. ಈ ಕೆಲಸ ಬಿಡದಿದ್ದರೆ ಉಳಿಯುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಬಿಟ್ಟರೆ ಉಣ್ಣುವುದೇನು? ಪಿಂಚಣಿ ಬಂದ ದಿನವೇ ಬಿಡುತ್ತಾಳೆ. ಈ ದೇಶದಿಂದ ಆಕೆ ಬೇಡುತ್ತಿರುವುದು ಇಷ್ಟೇ: ತನ್ನನ್ನು ಮುದುಕಿ ಎಂದು ಒಪ್ಪಿಕೊಳ್ಳಿ.

ಆದರೆ ಟೆಂಪೊದ ಯಲ್ಲೇಶ ಮುದುಕಿಯರನ್ನು ಹತ್ತಿಸಿಕೊಳ್ಳುವುದಿಲ್ಲ. “ಏ ಯಮ್ಮಾ, ನಿನ್ನ ಕೆಮ್ಮು ಕೇಳಿದ್ರ ಮಾಲಕ ನನಗ ಬೈತಾನ. ಮನ್ಯಾಗ ಕುಂದ್ರು” ಎಂದು ಹೋದ ವರ್ಷ ಎಲ್ಲರೆದುರು ಕೆಳಗಿಳಿಸಿದ್ದ. ಅಂದಿನಿಂದ ದೇವವ್ವ ಕೂಲಿಯ ಹಿಂದಿನ ದಿನ ತಲೆಗೆ ಕಪ್ಪು ಹಚ್ಚಿಕೊಳ್ಳುತ್ತಾಳೆ, ಕೆಮ್ಮು ಬಂದರೆ ಬಾಯಿಗೆ ಸೆರಗು ತುರುಕಿಕೊಳ್ಳುತ್ತಾಳೆ. ಅವಳೊಬ್ಬಳೇ ಅಲ್ಲ. ಆ ಟೆಂಪೊದಲ್ಲಿ ಹುಡುಕಿದರೂ ಒಂದು ಬಿಳಿ ಕೂದಲು ಸಿಗುವುದಿಲ್ಲ. ಅಷ್ಟೊಂದು ತರುಣಿಯರು ಕಾಲೇಜಿನ ಬಸ್ಸಿನಲ್ಲೂ ಇರಲಿಕ್ಕಿಲ್ಲ!

ರಾಣೆಬೆನ್ನೂರಿನಲ್ಲಿ ನಿಮ್ಮ ಶಿಬಿರ ನಡೆದದ್ದು ಬುಧವಾರ. ದೇವವ್ವನನ್ನು ನಾನೇ ಕರೆದೊಯ್ದಿದ್ದೆ. ವೈದ್ಯರು ಒಮ್ಮೆ ತಲೆ ಎತ್ತಿ ನೋಡಿದರು.

“ಅಜ್ಜಿ, ಆಧಾರ್‌ನ್ಯಾಗ ಐವತ್ತೈದು ಅಂತ ಇದ್ದದ್ದ ಖರೇ ಅನಸ್ತದ. ಕೂದಲಾ ಎಷ್ಟ ಕರ್ರಗ ಅದಾವ ನೋಡ್ರಿ.”

“ಬಣ್ಣ ರೀ ಸಾಹೇಬ್ರ! ಬುಡಾ ನೋಡ್ರಿ ಬೇಕಾದ್ರ.” ದೇವವ್ವ ಬೈತಲೆ ಬಿಡಿಸಿ ತಲೆ ಬಗ್ಗಿಸಿದಳು.

“ಬುಡಾನೂ ಕರ್ರಗ ಅದಾವಲ್ಲ.”

“ಮುಂಜಾನೆನ ಹಚ್ಚೇನ್ರಿ. ನಾಳೆ ಗುರುವಾರ ಅಲ್ಲೇನ್ರಿ?”

ಸಾಲಿನಲ್ಲಿ ಹಿಂದಿದ್ದ ನಮ್ಮೂರ ಫಕ್ಕೀರಪ್ಪ ಕೂಗಿದ: “ಯಕ್ಕಾ, ಒಂದ ದಿನ ತಡಕೊಂಡಿದ್ರ ಇವತ್ತ ಮುದುಕಿ ಆಗಿಬಿಡ್ತಿದ್ದೆಲ್ಲ!”

ಸಾಲೆಲ್ಲ ನಕ್ಕಿತು. ದೇವವ್ವನೂ ನಕ್ಕಳು, ನಗು ಕೆಮ್ಮಾಗಿ ಗೋಡೆ ಹಿಡಿದು ಕೂತಳು. ವೈದ್ಯರು ಐವತ್ತೈದು ಎಂದು ಬರೆದರು. ನೀವು ಸಹಿ ಹಾಕಿದಿರಿ.

ಮಾನ್ಯರೇ, ಆಕೆಯ ಹಿರಿಮಗ ಮೈಲೇಶನಿಗೆ ನಲವತ್ತೆಂಟು. ಅದು ನಿಮ್ಮದೇ ಸರ್ಕಾರದ ಲೆಕ್ಕ. ಹಾಗಾದರೆ ದೇವವ್ವ ಏಳನೇ ವಯಸ್ಸಿಗೆ ಹೆತ್ತಳೇ? ‘ಅಜ್ಜಿ’ ಎಂದು ಕರೆದ ಬಾಯಿ, ಐವತ್ತೈದು ಎಂದು ಬರೆದ ಕೈ, ಎರಡೂ ಒಂದೇ ಮನುಷ್ಯನವೇ? ದುಡಿಯಲು ಹೋದರೆ ಮುದುಕಿ, ಪಿಂಚಣಿಗೆ ಬಂದರೆ ತರುಣಿ. ನಿಮ್ಮ ನಿವೃತ್ತಿಯ ದಿನ ನೀವು ನೌಕರಿಗೆ ಸೇರಿದ ದಿನವೇ ತೀರ್ಮಾನವಾಗಿರುತ್ತದೆ. ನಿವೃತ್ತಿಯಂದು ಯಾರಾದರೂ ನಿಮ್ಮ ತಲೆ ಬಗ್ಗಿಸಿ ಕೂದಲಿನ ಬುಡ ನೋಡುತ್ತಾರೆಯೇ? ನೋಡಿದರೆ ಏನು ಸಿಗುತ್ತದೆಂದು ನಿಮಗೂ ಗೊತ್ತು, ನನಗೂ ಗೊತ್ತು.

ನಮ್ಮ ಆಗ್ರಹ ಒಂದೇ. ಮಕ್ಕಳ ವಯಸ್ಸು ಹಿಡಿದು ತಾಯಂದಿರ ವಯಸ್ಸು ಬರೆಯಿರಿ, ಓಣಿಯ ಸಾಕ್ಷಿ ಕೇಳಿ, ದೇವವ್ವನ ಐವತ್ತೈದನ್ನು ಹೊಡೆದುಹಾಕಿ. ನೀವು ಮಾಡುತ್ತೀರೆಂಬ ಭ್ರಮೆ ನನಗಿಲ್ಲ. ದೇವವ್ವನಿಗಂತೂ ಎಂದೂ ಇರಲಿಲ್ಲ. “ಬಿಡೋ ಪುಂಡಲೀಕ” ಎಂದಳು ಬಸ್ಸಿನಲ್ಲಿ, “ಸತ್ತ ಮ್ಯಾಲ ನನಗ ಬಣ್ಣ ಹಚ್ಚೋರು ಯಾರದಾರ? ಆವಾಗ ಖರೇ ವಯಸ್ಸ ಬರಕೋತಾರ.”

ನಿಮ್ಮ ಕುಂದುಕೊರತೆ ಸಭೆ ಗುರುವಾರವಂತೆ. ಅಂದು ಬ್ಯಾಡಗಿಗೆ ಹೋಗುವವರು ಬರಲಾರರು, ದಿನ ಬದಲಿಸಿ ಎಂದು ಕೇಳಿದೆವು. ಬದಲಿಸಲು ಬರುವುದಿಲ್ಲ ಎಂದಿರಿ. ಒಳ್ಳೆಯದು, ನಾವೇ ಸಭೆ ಕರೆದಿದ್ದೇವೆ. ಹೋದ ಸಲ ನಾವು ಕರೆದಾಗ ಕೂಲಿಯಿಂದ ಬಂದ ಅರ್ಧದಷ್ಟು ಜನ ದಣಿದು ಕೂತಲ್ಲೇ ನಿದ್ದೆ ಹೋದರು, ಈ ಸಲವೂ ಹೋಗುತ್ತಾರೆ. ನೀವೂ ಬನ್ನಿ. ನಿಮಗಾಗಿ ಒಂದು ಕುರ್ಚಿಯನ್ನೂ ಇಡುವುದಿಲ್ಲ, ನೆಲದ ಮೇಲೆ ಕೂರಬೇಕು. ಕುಪ್ಪೇಲೂರು ಬಸ್ ನಿಲ್ದಾಣ, ಟೆಂಪೊ ಬಂದು ಹೆಂಗಸರು ಇಳಿದ ಮೇಲೆ, ಇದೇ ಗುರುವಾರ, ಸಂಜೆ ಏಳು ಗಂಟೆಗೆ.

ಇಂತಿ,
ನಿಮ್ಮ ಬಾಗಿಲು ತಟ್ಟುತ್ತಲೇ ಹಿರಿಯ ನಾಗರಿಕನಾದ
ಪುಂಡಲೀಕ, ಕುಪ್ಪೇಲೂರು