ಸೀರೆ ಕಪಾಟಿನ ಗಾಯಕಿ

ತೃಪ್ತಿ,

ನಾನು ಕುಕ್ಕುಂದೂರಿಗೆ ಹೊರಟೆ. ನಾಳೆ ತಂಗಿಯ ಮನೆಯೊಕ್ಕಲು. ನಿನ್ನ ಮಾವ ಬರುವುದಿಲ್ಲವಂತೆ. ಮಳೆ ಇನ್ನೂ ಬಿಟ್ಟಿಲ್ಲ, ಗ್ರಾಮಫೋನ್ ಪ್ಲೇಟುಗಳಿಗೆ ಬೂಷ್ಟು ಹಿಡಿಯುತ್ತದಂತೆ. ನನ್ನ ಸೀರೆಗಳಿಗೆ ಬೂಷ್ಟು ಹಿಡಿದಾಗ ಎಂತ ಮಾಡಿದ್ದರು, ಕೇಳು. ಸೀರೆಯ ಕಪಾಟನ್ನೇ ಖಾಲಿ ಮಾಡಿಸಿ ಅಲ್ಲಿ ಪ್ಲೇಟು ಜೋಡಿಸಿದರು!

ಬಂಗುಡೆ ಮೀನಿನ ಗಸಿ ಉಂಟು, ಬಿಸಿ ಮಾಡಿ ಬಡಿಸು.

ಪ್ಲೇಟು ಒರೆಸಲು ನಿನ್ನನ್ನು ಕರೆದರೆ ಒಣ ಬಟ್ಟೆ ಮಾತ್ರ ಹಿಡಿ. ಹಳೆಯ ಅರಗಿನ ಪ್ಲೇಟಿಗೆ ಸ್ಪಿರಿಟ್ ತಾಗಿದರೆ ಕರಗುತ್ತದೆ. ಒಂದರ ಮೇಲೊಂದು ಮಲಗಿಸಬೇಡ, ನಿಲ್ಲಿಸಿಯೇ ಇಡು. ಅತ್ತೆಗೆ ಇದೆಲ್ಲ ಹೇಗೆ ಗೊತ್ತು ಅನ್ನಬೇಡ. ನನಗೆ ಮುಟ್ಟಲು ಬಿಡದಿದ್ದರೂ ಮದುವೆಯಾದಂದಿನಿಂದ ಬಾಗಿಲಲ್ಲಿ ನಿಂತು ನೋಡುತ್ತಿದ್ದೇನೆ.

ಸಂಜೆ ಅವರು ಆ ಗಾಯಕಿಯ ಪ್ಲೇಟು ಹುಡುಕುತ್ತಾರೆ. ಅವಳು ಹಾಡುವಾಗ ನಾನು ಚಹಾ ತಂದಿಟ್ಟರೂ ಕಣ್ಣು ತೆರೆಯುವುದಿಲ್ಲ ಈ ಮನುಷ್ಯ. ಕಪಾಟಿನಲ್ಲಿ ಸಿಗುವುದಿಲ್ಲ ಅಂತ ಹೇಳು. ಅವಳನ್ನು ನಾನು ಕರೆದುಕೊಂಡು ಹೋಗಿದ್ದೇನೆ. ಬಸ್ಸಿನಲ್ಲಿ ಒಡೆಯಬಾರದೆಂದು ನನ್ನ ಧಾರೆ ಸೀರೆಯಲ್ಲೇ ಸುತ್ತಿದ್ದೇನೆ. ಇದಕ್ಕಿಂತ ಹೆಚ್ಚು ಮರ್ಯಾದೆ ಅವಳಿಗೆ ಎಂತ ಕೊಡಲಿ ಮಾರಾಯ್ತಿ?

ನನ್ನ ಜೊತೆ ಬಾರದವರು ಅವಳನ್ನು ಕರೆತರಲು ನಾಳೆ ಮೊದಲ ಬಸ್ಸಿಗೇ ಓಡಿ ಬರುತ್ತಾರೆ, ನೋಡುತ್ತಿರು. ಹಾಗೇ ಬಿಡಬೇಡ, ಅಂಗಿ ಬದಲಾಯಿಸಲು ಹೇಳು. ಮನೆಯೊಕ್ಕಲಿಗೆಂದು ಬಿಳಿಯದ್ದನ್ನು ಇಸ್ತ್ರಿ ಮಾಡಿ ಮಂಚದ ಮೇಲೆ ಇಟ್ಟಿದ್ದೇನೆ.

ಅತ್ತೆ