ಯೂಲಿನಳ ಕಲ್ಲು ನಿಂತ ಸುದ್ದಿ

ವಿಂಡ್‌ವರ್ಡ್, ಕ್ಯಾರಿಯಾಕೂ ದ್ವೀಪ
ನವೆಂಬರ್ ಹದಿನೈದು

ಆತ್ಮೀಯ ಮಿಸ್ ಅನೆಕ ಅವರಿಗೆ,

ನಿಮ್ಮ ಕಾಗದ ಬಂದು ತಿಂಗಳಾಯಿತು. ತಡಕ್ಕೆ ಕೆಲಸ ಕಾರಣವಲ್ಲ. ಕಾಗದ ಬರೆಯುವ ಕ್ರಮವನ್ನು ಕಾಲೇಜಿನಲ್ಲಿ ಕಲಿಸಿದ್ದರು: ಮೊದಲು ವಿಷಯ, ಆಮೇಲೆ ವಿವರ, ಕೊನೆಗೆ ಯುವರ್ಸ್ ಒಬೀಡಿಯಂಟ್‌ಲಿ. ನಡುವೆ ಇನ್ನೇನೋ ಇತ್ತು, ಮರೆತಿದೆ. ನಾನು ಅಲ್ಲಿದ್ದದ್ದೇ ಒಂದು ವರ್ಷ, ಆಮೇಲೆ ಅಪ್ಪನ ಜೊತೆ ದೋಣಿ ಕಟ್ಟಲು ವಾಪಸು ಬಂದೆ. ಇರಲಿ, ವಿಷಯ ಮೊದಲು: ಯೂಲಿನಳ ಕಲ್ಲು ನಿಂತಿತು. ನೀವು ಕೇಳಿದ್ದು ಅದನ್ನೇ ತಾನೆ.

ನೀವು ಬಂದದ್ದು ದೋಣಿ ಪಂದ್ಯದ ವಾರ, ಎಲ್ಲೂ ಕೋಣೆ ಖಾಲಿ ಇರಲಿಲ್ಲ. ನನ್ನ ಹೆಂಡತಿ ಯೂಲಿನಳ ಅಕ್ಕ ಮೆರ್ಲ್ ನಿಮ್ಮನ್ನು ಬಸ್ಸಿನಲ್ಲಿ ಕಂಡು ಕರೆತಂದು, ನನ್ನ ಬಾಗಿಲಲ್ಲಿ ನಿಲ್ಲಿಸಿ, "ಹೆಂಗಸು ಬೀದೀಲಿ ಮಲಗ್ತಾಳಾ? ನಿನ್ನ ಮಂಚ ಕೊಡು, ನೀನು ಬೆಂಚಿನ ಮೇಲೆ ಬಿದ್ಕೋ" ಎಂದಳು. ಕೊಟ್ಟೆ. ನೀವು ನೋಟ್‌ಬುಕ್ ತೆರೆದು, ಇಲ್ಲಿಯ ಜನರ ಆಚಾರ ವಿಚಾರ ಎಲ್ಲಿ ನೋಡಲು ಸಿಗುತ್ತದೆ ಎಂದು ಕೇಳಿದಿರಿ. ಶುಕ್ರವಾರ ಹೋಟೆಲಿನಲ್ಲಿ ಡೋಲು ಬಾರಿಸುತ್ತಾರೆ ಎಂದೆ. ಹೊರಗಿನವರಿಗೆ ನಾವು ಹೇಳುವುದು ಅಷ್ಟೇ.

ಆಚಾರ ನಿಮ್ಮ ಮಂಚದ ಕೆಳಗೇ ಇತ್ತು, ಗೋಣಿಚೀಲದಲ್ಲಿ ಕಟ್ಟಿಟ್ಟ ಯೂಲಿನಳ ಕಲ್ಲು. ಸಮಾಧಿಯ ಕಲ್ಲನ್ನು ನಾವು ಹೂಳಿದ ದಿನ ನಿಲ್ಲಿಸುವುದಿಲ್ಲ. ವರ್ಷಗಳು ಕಳೆದ ಮೇಲೆ ಸತ್ತವರೇ ಯಾರ ಕನಸಿನಲ್ಲಾದರೂ ಬಂದು ಕೇಳಬೇಕು. ಆಗ ಊರಿಗೆಲ್ಲ ಊಟ ಹಾಕಿ ನಿಲ್ಲಿಸುತ್ತೇವೆ. ಅಲ್ಲಿಗೆ ಮುಗಿಯಿತು, ಅವರು ತಮ್ಮ ಹಿರಿಯರ ಜೊತೆ ಸೇರಿಕೊಳ್ಳುತ್ತಾರೆ, ಮತ್ತೆ ಬರುವುದಿಲ್ಲ. ಯೂಲಿನ್ ಹೋಗಿ ಐದು ವರ್ಷ. ಪ್ರತಿ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಮೆರ್ಲ್ ನನ್ನನ್ನು ಹಿಡಿಯುತ್ತಿದ್ದಳು.

"ನನ್ನ ತಂಗಿ ನಿನ್ನ ಕನಸಿಗೆ ಯಾಕೋ ಬರ್ತಿಲ್ಲ? ನಿನ್ನ ಗೊರಕೆ ಕೇಳಿ ಬಾಗಿಲಿಂದಲೇ ವಾಪಸ್ ಹೋಗ್ತಾಳೇನೋ!"

"ಇಲ್ಲ ಅತ್ತಿಗೆ, ಬಂದಿಲ್ಲ. ನಿಮ್ಮ ಕನಸಿಗಾದ್ರೂ ಬರಬಹುದಲ್ಲ?"

"ನಾನೆಲ್ಲಿ ನಿದ್ದೆ ಮಾಡ್ತೀನಪ್ಪಾ? ನಿಮ್ಮಂಥೋರನ್ನ ಬೈಯೋದ್ರಲ್ಲೇ ಬೆಳಗಾಗತ್ತೆ."

ಮೂರನೆಯ ದಿನ ಬೆಳಿಗ್ಗೆ, ಕೋಕೋ ಕುಡಿಯುತ್ತಾ ನೀವು ಬಹಳ ಸಲೀಸಾಗಿ ಹೇಳಿದಿರಿ: ಕನಸಿನಲ್ಲಿ ಒಬ್ಬ ಎತ್ತರದ ಹೆಂಗಸು ಕಾಲ ಬಳಿ ನಿಂತು, ನನ್ನದು ಇನ್ನೂ ಯಾಕೆ ಇಲ್ಲೇ ಇದೆ ಎಂದು ಕೇಳಿದಳು, ಕೈ ಸೊಂಟದ ಮೇಲಿತ್ತು. ಮೆರ್ಲ್ ಕರಿದ ರೊಟ್ಟಿಯನ್ನು ತಟ್ಟೆಗೆ ಹಾಕಿ ಎದ್ದೇಬಿಟ್ಟಳು. "ಅವಳೇ! ಸೊಂಟದ ಮೇಲೆ ಕೈ ಇಡದೆ ಒಂದು ಮಾತಾಡಿದೋಳಲ್ಲ!" ಈ ದ್ವೀಪದ ಅರ್ಧ ಹೆಂಗಸರು ಹಾಗೇ ನಿಲ್ಲುತ್ತಾರೆ ಎಂದು ನಾನು ಹೇಳಿದ್ದು ಅವಳಿಗೆ ಕೇಳಿಸಲಿಲ್ಲ. ಅವಳಾಗಲೇ ಬೀದಿಯಲ್ಲಿದ್ದಳು.

ಮಧ್ಯಾಹ್ನ ದೋಣಿ ಕಟ್ಟುವ ಜಾಗದಲ್ಲಿ ಪಂಚಾಯಿತಿ ಸೇರಿತು. ಪರದೇಶದವಳ ಕನಸು ಲೆಕ್ಕಕ್ಕೆ ಬರುವುದಿಲ್ಲ ಎಂದು ನಾನು ವಾದಿಸಿದೆ. ಡೋಲು ಬಾರಿಸುವ ಸಿಮಿಯನ್ ಅಜ್ಜ, ತೊಂಬತ್ತರ ಹತ್ತಿರದವರು, ಅಲ್ಲಿಯವರೆಗೆ ಕಣ್ಣು ಮುಚ್ಚಿ ಕೂತಿದ್ದರು.

"ಮಲಗಿದ್ದು ಯಾರ ಮಂಚದ ಮೇಲೆ?"

"ನಂದು ಅಜ್ಜ."

"ನಿಂದೊಬ್ಬಂದೇನಾ?"

"ನಮ್ಮಿಬ್ಬರದು."

"ಮತ್ತಿನ್ನೇನು? ಹೆಂಡ್ತಿ ತನ್ನ ಮಂಚದ ಹತ್ರ ಬಂದಿದಾಳೆ. ಮಲಗಿದ್ದೋರ ಕೈಲಿ ಹೇಳಿ ಕಳಿಸಿದಾಳೆ. ಬೆಂಚಿನ ಮೇಲೆ ಹೋಗಿ ಮಲಗು ಅಂತ ನಿನಗೆ ಅವಳೇನು ಹೇಳಿದ್ಲಾ?"

ಎಲ್ಲರೂ ನಕ್ಕರು. ಕಲ್ಲು ನಿಲ್ಲಿಸುವ ದಿನ ನಿಗದಿಯಾಯಿತು. ನೀವು ಗುರುವಾರದ ಹಡಗಿಗೆ ಹೊರಟಿರಿ.

ನೀವು ನೋಡಲಾಗದ ದಿನದ ವಿವರ ಇಷ್ಟು. ಕಲ್ಲನ್ನು ಹೊರಗೆಳೆದು, ತೊಳೆದು, ಮಂಚದ ಮೇಲೆ ಮಲಗಿಸಿ ಬಿಳಿ ಬಟ್ಟೆ ಹೊದಿಸಿದೆವು. ಎರಡು ಟಗರು ಬಿದ್ದವು. ಹೆಂಗಸರು ಜೋಳದ ಹಿಟ್ಟಿನ ಉಂಡೆ, ತೊಗರಿ ಬೇಯಿಸಿದರು. ಒಳಕೋಣೆಯಲ್ಲಿ ಅವಳ ತಟ್ಟೆ ಬಡಿಸಿಟ್ಟು, ಅವಳು ಉಣ್ಣಲಿ ಎಂದು ಬಾಗಿಲು ಮುಚ್ಚಿದರು. ಸಿಮಿಯನ್ ಅಜ್ಜ ಬಾರಿಸಿದರು, ನೆಲಕ್ಕೆ ನೀರು, ರಮ್ ಚೆಲ್ಲಿದೆವು. ಸ್ಮಶಾನದಲ್ಲಿ ಸಿಮೆಂಟು ಕಲಸಿ, ಕಲ್ಲು ನೆಟ್ಟಗಿದೆಯೇ ಎಂದು ನೋಡಲು ತೂಗುಗುಂಡಿನ ದಾರ ಹಿಡಿದವನು ನಾನೇ. ಮೆರ್ಲ್ ಕಲ್ಲಿನ ಮೇಲೆ ಕೈಯಿಟ್ಟು, "ಹೋಗಮ್ಮ, ಹೋಗು. ಸಾಕು ನಿಂತಿದ್ದು" ಎಂದಳು. ಕಲ್ಲು ನೇರವಾಗಿ ನಿಂತಿದೆ. ನಲವತ್ತು ವರ್ಷ ದೋಣಿ ಕಟ್ಟಿದವನಿಗೆ ಅಷ್ಟು ತಿಳಿಯುತ್ತದೆ.

ನೀವು ಕಾಗದದಲ್ಲಿ ಕ್ಷಮೆ ಕೇಳಿದ್ದೀರಿ, ಯಾವುದಕ್ಕೆಂದು ಬರೆದಿಲ್ಲ. ಬರೆಯಬೇಡಿ. ಆ ಚೀಲದ ಬಾಯಿಗೆ ನಾನು ಹಾಕಿದ್ದು ದೋಣಿಯವರ ಗಂಟು. ಹೊರಗೆಳೆದಾಗ ಅಲ್ಲಿದ್ದದ್ದು ಬೂಟಿನ ಲೇಸಿಗೆ ಹಾಕುವಂಥದ್ದು. ಇಂಥ ಸಾಕ್ಷ್ಯಕ್ಕೆ ಕಾಲೇಜಿನಲ್ಲಿ ಒಂದು ಪದ ಹೇಳಿಕೊಟ್ಟಿದ್ದರು, ಸರ್ಕಮ್ ಎಂದು ಶುರುವಾಗುತ್ತದೆ, ಮುಂದಿನದು ಬರುತ್ತಿಲ್ಲ. ಯಾರೂ ನೋಡುವ ಮೊದಲೇ ಬಿಚ್ಚಿಬಿಟ್ಟೆ. ನೀವು ಕಲ್ಲು ಕಂಡು ಕನಸು ಕಂಡಿರೋ, ಕನಸೇ ಕಾಣಲಿಲ್ಲವೋ, ಸೊಂಟದ ಮೇಲಿನ ಕೈಯ ವಿಷಯವನ್ನು ಮೆರ್ಲ್ ನಿಮಗೆ ಬಸ್ಸಿನಲ್ಲೇ ಹೇಳಿದ್ದಳೋ, ನಾನು ಕೇಳುವುದಿಲ್ಲ. ಕೇಳುವ ಅಧಿಕಾರ ನನಗಿಲ್ಲ.

ಯಾಕೆಂದರೆ ಅವಳು ನನ್ನ ಕನಸಿಗೆ ಬಂದಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ಮೊದಲ ವರ್ಷವೇ ಬಂದಿದ್ದಳು. ಆಮೇಲೆ ತಿಂಗಳಿಗೊಮ್ಮೆ, ಕೆಲವು ತಿಂಗಳು ಎರಡು ಸಲ. ಬಂದಾಗಲೆಲ್ಲ ಒಂದೇ ಮಾತು: "ಎಲ್ರೀ ನನ್ನ ಕಲ್ಲು?" ನಾನು, "ಮುಂದಿನ ತಿಂಗಳು ನೋಡೋಣ ಕಣೆ" ಎನ್ನುತ್ತಿದ್ದೆ. ಅವಳು ಬೈಯುತ್ತಿದ್ದಳು, ನನ್ನನ್ನು, ನನ್ನ ಅಪ್ಪನನ್ನು, ಮುಗಿಯದೆ ನಿಂತ ನನ್ನ ದೋಣಿಗಳನ್ನು. ಬೈದು ಹೋಗಿ ಮತ್ತೆ ಬರುತ್ತಿದ್ದಳು. ಕೊಟ್ಟುಬಿಟ್ಟರೆ ಬರುವುದಕ್ಕೆ ಅವಳಿಗೆ ಕಾರಣವೇ ಇರುತ್ತಿರಲಿಲ್ಲ. ಇದನ್ನು ಮೆರ್ಲ್‌ಗೆ ಹೇಳಿಲ್ಲ. ನಿಮಗೆ ಹೇಳಿದರೆ ನಡೆಯುತ್ತದೆ, ನೀವು ದೂರದವರು.

ಕಲ್ಲು ನಿಂತು ಹನ್ನೊಂದು ವಾರವಾಯಿತು. ಯೂಲಿನ್ ಬಂದಿಲ್ಲ. ಅವಳಿಗೆ ನೆಮ್ಮದಿಯಾಗಿದೆ ಎಂದು ಊರವರು ನನ್ನ ಕೈ ಕುಲುಕುತ್ತಾರೆ. ಆಗಿರಬೇಕು. ನನಗೂ ಈಗ ಬೆಳಗಿನವರೆಗೆ ಒಂದೇ ನಿದ್ದೆ.

ನೀವು ಎಷ್ಟು ದೇಶ ಸುತ್ತಿದರೂ, ಮನೆಗೆ ಮರಳಿದಾಗ ತಡವಾಯಿತೆಂದು ಬೈಯುವವರು ಒಬ್ಬರಾದರೂ ಇರಲಿ ಎಂದು ಹಾರೈಸುವ,

ಕಾಸ್ಮಸ್ ಬೆತೆಲ್