ಕೋವಿ ಅಂಗಡಿಯಲ್ಲಿ ವಿಳಾಸ ಕೇಳಿದರು

ಕಾಲ್ಡರ್, ಮೊಂಟಾನಾ
ನವೆಂಬರ್ 6

ಪ್ರೀತಿಯ ಆರ್ವಿ,

ಹದಿನೈದಕ್ಕೆ ಮಿಷಿಗನ್ನಿನಲ್ಲಿ ಬೇಟೆ ಶುರುವಾಗುವ ಮುಂಚೆ ನಿನ್ನ ಕೈ ಸೇರಲಿ ಅಂತ ಇವತ್ತೇ ಬರೆಯುತ್ತಿದ್ದೇನೆ. ಹಿಂದಿನ ದಿನವೇ ನೀವೆಲ್ಲ ಕಾಡಿನ ಕ್ಯಾಂಪಿಗೆ ಹೊರಟುಬಿಡುತ್ತೀರಿ, ಆಮೇಲೆ ಎರಡು ವಾರ ಮನೆಯ ಅಂಚೆ ಡಬ್ಬಿ ತೆರೆಯುವವರು ಇರುವುದಿಲ್ಲ. ಫೋನಿನಲ್ಲಿ ಹೇಳಬಹುದಿತ್ತು. ಫೋನಿನಲ್ಲಿ ನೀನು ಹವೆ ಹೇಗಿದೆ ಅನ್ನುತ್ತೀಯ, ನಾನು ಹೇಳುತ್ತೇನೆ, ಅಲ್ಲಿ ಹೇಗಿದೆ ಅನ್ನುತ್ತೇನೆ, ನೀನು ಹೇಳುತ್ತೀಯ. ಅಷ್ಟರಲ್ಲಿ ನಮ್ಮಿಬ್ಬರ ಮಾತೂ ಮುಗಿದಿರುತ್ತದೆ.

ವಿಷಯ ಇಷ್ಟು. ನಾನೊಂದು ಕೋವಿ ಕೊಂಡೆ. ಜಿಂಕೆ ಬೇಟೆಯ ರೈಫಲ್ಲು. ನಲವತ್ತೊಂಬತ್ತನೇ ವಯಸ್ಸಿನಲ್ಲಿ, ನನ್ನ ಹೆಸರಿನಲ್ಲಿ, ಮೊಟ್ಟಮೊದಲನೆಯದು. ನೀನು ನಗುತ್ತಿರಬಹುದು. ನಕ್ಕು ಮುಗಿಸಿ ಮುಂದೆ ಓದು.

ನಮ್ಮ ಕಡೆ ಮೊದಲ ಕೋವಿಯನ್ನು ಯಾರೂ ಅಂಗಡಿಯಿಂದ ತರುವುದಿಲ್ಲ. ಅದು ಮನೆಯಿಂದಲೇ ಕೈಗೆ ಬರುತ್ತದೆ, ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ. ನನ್ನಪ್ಪನಿಗೆ ಮಗನಿರಲಿಲ್ಲ. ನಮ್ಮ ಮದುವೆಯ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಊಟವಾದ ಮೇಲೆ ಅವನು ತನ್ನ ಕೋವಿ ತಂದು ನಿನ್ನ ಕೈಗಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಬೇಲಿಗೂಟದ ಮೇಲೆ ಡಬ್ಬಿ ಇಟ್ಟು, ಅದೇ ಕೋವಿಯಲ್ಲಿ, ಹನ್ನೊಂದನೇ ವಯಸ್ಸಿಗೇ ಗುರಿ ಕಲಿತವಳು ನಾನು ಅನ್ನುವುದು ಅವತ್ತು ಅಪ್ಪನಿಗೆ ನೆನಪಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅಡುಗೆಮನೆಯಲ್ಲಿ ನಿಮ್ಮ ಬೇಟೆಯ ಬುತ್ತಿಗೆ ಪಾಸ್ಟಿ ಕಡುಬು ಮಡಚುತ್ತ ನಿಂತಿದ್ದಾಗ ನೆನಪಾಯಿತು.

ಪಾಸ್ಟಿಯ ಮಾತು ಬಂತಲ್ಲ. ಪ್ರತಿ ನವೆಂಬರಿನಲ್ಲೂ ಮೂರು ದಿನ ಹಿಟ್ಟು ನಾದಿ, ಮಾಂಸ, ಆಲೂಗಡ್ಡೆ, ಈರುಳ್ಳಿ ತುಂಬಿ, ಬೇಯಿಸಿ, ಬಟ್ಟೆ ಸುತ್ತಿ, ಕ್ಯಾಂಪಿನ ಕಬ್ಬಿಣದ ಗೇಟಿನ ತನಕ ನಾನೇ ಗಾಡಿಯಲ್ಲಿ ತಂದುಕೊಡುತ್ತಿದ್ದೆ. ಗೇಟಿನಿಂದ ಆಚೆ ಹೆಂಗಸರು ಹೋಗುವ ಹಾಗಿಲ್ಲ. ಹಾಗಂತ ಯಾರೂ ಬರೆದು ಹಾಕಿಲ್ಲ, ಆದರೆ ನಿನ್ನಮ್ಮ ಹೋಗಿಲ್ಲ, ನನ್ನಮ್ಮ ಹೋಗಿಲ್ಲ. ಒಂದು ವರ್ಷ ಮಾತ್ರ ಕೇಳಿದೆ, ಈ ಸಲ ನಾನೂ ಬರಲಾ ಅಂತ. ನಿನ್ನ ಚಿಕ್ಕಪ್ಪ ಹ್ಯುಗೋ, ಬಾರಮ್ಮ ಬಾ, ಬರುವಾಗ ಕಿಟಕಿಗೆ ಪರದೆ ತಗೊಂಡ್ ಬಾ, ಜಿಂಕೆಗಳನ್ನೆಲ್ಲ ಕೂರಿಸಿ ಕಾಫಿ ಕೊಡೋಣ ಅಂದ. ನೀನು, ಇವಳು ಬಂದ್ಬಿಟ್ರೆ ಪಾಸ್ಟಿ ಯಾರು ಮಾಡ್ತಾರೆ ಅಂದೆ. ಎಲ್ಲರ ಜೊತೆ ನಾನೂ ನಕ್ಕು ಗಾಡಿ ತಿರುಗಿಸಿದೆ. ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ. ನಡೆದದ್ದು ನಡೆದ ಹಾಗೆ ಇರಲಿ ಅಂತ ಬರೆದೆ.

ಇಲ್ಲಿ ಕೋವಿಯ ಮಾತು ಶುರುವಾದದ್ದು ನಾನು ಕೆಲಸ ಮಾಡುವ ಆಸ್ಪತ್ರೆಯ ಅಡುಗೆಮನೆಯಿಂದಲೇ. ಮಾರ್ವಾ ಅಂತ ಒಬ್ಬಳು ನನ್ನ ಜೊತೆ ರೋಗಿಗಳ ತಟ್ಟೆ ಜೋಡಿಸುತ್ತಾಳೆ, ಅವಳ ಮನೆಯವರಿಗೆ ಊರಾಚೆ ದನ ಸಾಕುವ ಜಮೀನಿದೆ. ಸೆಪ್ಟೆಂಬರಿನಲ್ಲಿ ಒಂದು ದಿನ ಸೂಪಿಗೆ ಸೊಪ್ಪು ಹೆಚ್ಚುತ್ತ, ಈ ಸಲ ನಮ್ಮ ಜಮೀನಿಗೆ ಬೇಟೆಗೆ ಬಾ, ನಿನ್ನ ಕೋವಿ ಯಾವುದು ಅಂತ ಕೇಳಿದಳು. ನಿನ್ನ ಕೊಡೆ ಯಾವುದು ಅಂತ ಕೇಳಿದ ಹಾಗಿತ್ತು. ನನ್ನ ಹತ್ತಿರ ಇಲ್ಲ ಅಂದೆ. ಬಂದು ಮೂರು ವರ್ಷ ಆಗ್ತಾ ಬಂತು, ಏನ್ ಮಾಡ್ತಿದ್ದೀ ನೀನು ಅಂದಳು.

ಆ ಶನಿವಾರ ಎಮರಿ ಅನ್ನುವ ಮುದುಕನ ಅಂಗಡಿಗೆ ಹೋದೆ. ಅರ್ಧ ಅಂಗಡಿ ಮೀನಿನ ಗಾಳ, ಅರ್ಧ ಕೋವಿ. ಹಳೆಯದೊಂದನ್ನು ಇಳಿಸಿ ಕೊಟ್ಟ. ನಾಲ್ಕಾರು ಮೈಲಿ ಆಚೆಯ ಯಾರೋ ಹೆಂಗಸಿನದಂತೆ. ಭುಜಕ್ಕೆ ಆನಿಸುವ ಮರವನ್ನು ತನ್ನ ತೋಳಿನ ಅಳತೆಗೆ ಕೊಯ್ಯಿಸಿಕೊಂಡಿದ್ದಾಳೆ. ಅಪ್ಪನ ಕೋವಿ ನನಗೆ ಯಾವಾಗಲೂ ಉದ್ದವಾಗುತ್ತಿತ್ತು, ಕತ್ತು ಚಾಚಬೇಕಿತ್ತು. ಇದು ಎತ್ತಿದ ಕೂಡಲೇ ಕೆನ್ನೆಗೆ ಬಂದು ಕೂತಿತು. ಸಂತೋಷವಾಯಿತು ಆರ್ವಿ. ಅಂಗಡಿಯವನ ಮುಂದೆ ತೋರಿಸಿಕೊಳ್ಳಬಾರದು ಅಂತ ಬೆಲೆ ಜಾಸ್ತಿಯಾಯಿತು ಅಂದೆ.

ಚೌಕಾಸಿ ಮುಗಿದ ಮೇಲೆ ಎಮರಿ ಸರ್ಕಾರದ ಫಾರಂ ಮುಂದಿಟ್ಟು ಗುರುತಿನ ಕಾರ್ಡು ಕೇಳಿದ. ಡ್ರೈವಿಂಗ್ ಲೈಸೆನ್ಸ್ ಕೊಟ್ಟೆ. ಕನ್ನಡಕ ಏರಿಸಿ ನೋಡಿ, ಇದು ಮಿಷಿಗನ್ನಿನದಲ್ವೇನಮ್ಮ ಅಂದ. ಹೌದು, ಮನೆ ಅಲ್ಲಿದೆ ಅಂದೆ. ಹಾಗಾದ್ರೆ ಇಲ್ಲಿ ಬಂದು ಹೋಗೋರಾ ಅಂದ. ಆಸ್ಪತ್ರೆಯಲ್ಲಿ ಕೆಲಸ ಅಂದೆ. ಅವನು ಪೆನ್ನು ಕೆಳಗಿಟ್ಟ. ನೋಡಮ್ಮ, ಬೇರೆ ರಾಜ್ಯದೋರಿಗೂ ಬೇಟೆ ಕೋವಿ ಕೊಡಬಹುದು, ಅದೇನೂ ತೊಂದರೆ ಇಲ್ಲ, ಆದರೆ ಎಲ್ಲಿರ್ತೀನಿ ಅಂತ ನೀವೇ ಕೈಯಾರ ಬರೀಬೇಕು, ಕೆಳಗೆ ಸಹಿ ಹಾಕಬೇಕು, ಸುಳ್ಳು ಬರೆದ್ರೆ ಜೈಲು. ಹೇಳಿ, ಎಲ್ಲಿರ್ತೀರಿ?

ಗೊತ್ತಿಲ್ಲ ಅಂದೆ. ನಾಚಿಕೆಯಾಯಿತು. ಮುದುಕ ನಗಲಿಲ್ಲ. ಹಿಮ ಎತ್ತೋ ಸಲಿಕೆ ಇದೆಯಾ ಅಂತ ಕೇಳಿದ. ಇದೆ ಅಂದೆ. ಎಲ್ಲಿ ಕೊಂಡ್ರಿ? ಇಲ್ಲೇ, ಮೊದಲನೇ ಚಳಿಗಾಲದಲ್ಲಿ. ಮುರಿದು ಹೋಯ್ತಾ? ಹೌದು, ಹೋದ ವರ್ಷ ಇನ್ನೊಂದು ತಗೊಂಡೆ. ಎರಡು ಸಲಿಕೆ ಕೊಂಡೋರು ನೆಂಟರಲ್ಲಮ್ಮ, ಹೋಗಿ ಲೈಸೆನ್ಸ್ ಬದಲಾಯಿಸ್ಕೊಂಡ್ ಬನ್ನಿ, ಕೋವಿ ಎತ್ತಿಟ್ಟಿರ್ತೀನಿ ಅಂದ.

ಗಾಡಿಯಲ್ಲಿ ಕೂತು ಬಹಳ ಹೊತ್ತು ಕೀಲಿ ತಿರುಗಿಸಲಿಲ್ಲ. ಈಗ ನಿನಗೆ ಹೇಳದೆ ಬಿಟ್ಟದ್ದನ್ನು ಹೇಳುತ್ತೇನೆ. ಒಂದು ವರ್ಷದ ಕೆಲಸ ಅಂತ ನಿನಗೆ ಹೇಳಿ ಬಂದೆ. ವರ್ಷ ಮುಗಿದಾಗ, ಅವರು ಬಿಡುತ್ತಿಲ್ಲ, ಇನ್ನೊಂದು ವರ್ಷ ಇರಿ ಅಂತ ಕೇಳಿಕೊಂಡರು ಅಂದೆ. ಎರಡನೇ ಸಲವೂ ಅದನ್ನೇ ಅಂದೆ. ನೀನು, ಪಾಪ ಅವರಿಗೂ ಜನ ಸಿಗಲ್ಲ ಅಂದೆ. ಅವರು ಕೇಳಿಕೊಳ್ಳಲಿಲ್ಲ ಆರ್ವಿ. ಎರಡು ಸಲವೂ ನಾನೇ ಆಫೀಸಿಗೆ ಹೋಗಿ, ಇರಲಾ ಅಂತ ಕೇಳಿದೆ. ಲೈಸೆನ್ಸ್ ಮಾತ್ರ ಬದಲಾಯಿಸಲಿಲ್ಲ. ಪರ್ಸಿನಲ್ಲಿ ನಮ್ಮ ಮನೆಯ ವಿಳಾಸ ಇರುವ ತನಕ ನಿನಗೆ ಹೇಳಿದ್ದು ಪೂರ್ತಿ ಸುಳ್ಳಲ್ಲ ಅಂದುಕೊಂಡಿದ್ದೆ.

ಎರಡು ದಿನ ಬಿಟ್ಟು ಲೈಸೆನ್ಸ್ ಆಫೀಸಿಗೆ ಹೋದೆ. ಹೊಸ ಕಾರ್ಡು ಅಂಚೆಯಲ್ಲಿ ಬಂತು. ಅದನ್ನು ಹಿಡಿದು ಎಮರಿಯ ಹತ್ತಿರ ಹೋಗಿ ಫಾರಂ ತುಂಬಿದೆ. ಎತ್ತರ, ತೂಕ, ಹುಟ್ಟಿದ ಊರು, ಏನೇನೋ ಕೇಳುತ್ತಾರೆ. ಯಾರ ಹೆಂಡತಿ ಅಂತ ಮಾತ್ರ ಎಲ್ಲೂ ಕೇಳಿಲ್ಲ, ಹುಡುಕಿ ನೋಡಿದೆ. ಈಗಿರುವ ವಿಳಾಸ ಅನ್ನುವ ಕಡೆ ಇಲ್ಲಿಯದನ್ನು ಬರೆದೆ. ಎಮರಿ ಸರ್ಕಾರಿ ತಪಾಸಣೆಯ ನಂಬರಿಗೆ ಫೋನು ಮಾಡಿ ನನ್ನ ಹೆಸರು ಓದಿದ, ಆ ಕಡೆಯಿಂದ ಸರಿ ಅಂದರು, ಕೋವಿ ನನ್ನದಾಯಿತು.

ಹೋದ ಭಾನುವಾರ ಮಾರ್ವಾಳ ಜಮೀನಿನಲ್ಲಿ ಒಂದು ಹೆಣ್ಣು ಜಿಂಕೆ ಹೊಡೆದೆ. ಒಂದೇ ಗುಂಡು. ಮಾರ್ವಾ ಚಾಕು ಹಿಡಿದು ಹೇಳಿಕೊಡಲು ಬಂದಳು, ನಾನೇ ಬಗೆದು ಶುಚಿ ಮಾಡಿದ್ದು ನೋಡಿ ಚಾಕು ಒರೆಗೆ ಸೇರಿಸಿದಳು. ಇಷ್ಟು ವರ್ಷ ನೀವು ತಂದು ಹಾಕಿದ್ದನ್ನೆಲ್ಲ ಕೊಯ್ದು, ಕಟ್ಟಿ, ಫ್ರೀಜರಿಗೆ ತುಂಬಿದವಳಲ್ಲವೇ ನಾನು, ಜಿಂಕೆಯ ಒಳಗೆ ಎಲ್ಲಿ ಏನಿದೆ ಅಂತ ಕಣ್ಣು ಮುಚ್ಚಿ ಹೇಳಬಲ್ಲೆ. ಅದು ನಡೆದು ಬರುವುದನ್ನು ಕೋವಿ ಹಿಡಿದು ಕಾದು ನೋಡಿದ್ದು ಮಾತ್ರ ಇದೇ ಮೊದಲು. ಕಿವಿ ಆಡಿಸುತ್ತಿತ್ತು. ಗುಂಡು ಹೊಡೆದ ಮೇಲೆ ಅತ್ತೆ. ಆದರೆ ಹೊಡೆದದ್ದಕ್ಕೆ ಬೇಸರವಿಲ್ಲ.

ನಾನು ವಾಪಸು ಬರುವುದಿಲ್ಲ ಆರ್ವಿ. ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು. ನಿನ್ನದೇನೂ ದೊಡ್ಡ ತಪ್ಪಿಲ್ಲ. ಹೊಡೆದಿಲ್ಲ, ಕುಡಿದಿಲ್ಲ, ಕೈಬಿಟ್ಟಿಲ್ಲ. ಆದರೆ ನಿನ್ನ ಜೊತೆ ಅಷ್ಟು ವರ್ಷವೂ ನಾನು ಗೇಟಿನ ಈಚೆಯೇ ನಿಂತಿದ್ದೆ, ಅದು ನಿನಗೆ ಕಾಣಲಿಲ್ಲ, ನಾನೂ ಬಾಯಿಬಿಟ್ಟು ಹೇಳಲಿಲ್ಲ. ಅಪ್ಪನ ಕೋವಿ ನೀನೇ ಇಟ್ಟುಕೋ. ಮಾರಬೇಡ, ವರ್ಷಕ್ಕೊಮ್ಮೆ ಎಣ್ಣೆ ಹಾಕು. ನೀನು ಇಲ್ಲಿಗೆ ಬರುತ್ತೀಯಾ ಅಂತ ಕೇಳಬೇಕು ಅನಿಸುತ್ತದೆ. ಕೇಳಿದರೆ ಹವೆ ಹೇಗಿದೆ ಅನ್ನುತ್ತೀಯ.

ಹೋದ ಎರಡು ನವೆಂಬರ್ ನೀವು ಅಂಗಡಿ ಪಾಸ್ಟಿ ತಿಂದು ನನ್ನನ್ನು ಬೈದುಕೊಂಡಿದ್ದು ಕೇಳಿದೆ. ಮಾಡುವ ಕ್ರಮ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಹ್ಯುಗೋಗೆ ಹೇಳು, ಕ್ಯಾರೆಟ್ಟು ಹಾಕಿದ್ದು ಪಾಸ್ಟಿಯೇ ಅಲ್ಲ ಅಂತ ಮೇಜು ಕುಟ್ಟುತ್ತಿದ್ದನಲ್ಲ, ಅವನು ತಿಂದದ್ದರಲ್ಲೆಲ್ಲ ಕ್ಯಾರೆಟ್ಟು ಇತ್ತು, ತುರಿದು ಹಾಕುತ್ತಿದ್ದೆ.

ಬೆಚ್ಚಗಿರು, ಕಾಡಿನಲ್ಲಿ ಅಟ್ಟಣೆ ಕಟ್ಟಲು ಒಬ್ಬನೇ ಮರ ಹತ್ತಬೇಡ.

ಇಂತಿ,
ಐಲಾ

ವಿ.ಸೂ: ಹಳೆಯ ಲೈಸೆನ್ಸಿಗೆ ಆಫೀಸಿನಲ್ಲಿ ತೂತು ಹೊಡೆದು, ಬೇಕಾದರೆ ಇಟ್ಟುಕೊಳ್ಳಿ ಅಂತ ವಾಪಸು ಕೊಟ್ಟರು. ಈ ಲಕೋಟೆಯಲ್ಲೇ ಇದೆ. ಅದರ ಫೋಟೋ ತೆಗೆಯುವಾಗ ನೀನು ಆ ಗುಮಾಸ್ತೆಯ ಬೆನ್ನ ಹಿಂದೆ ನಿಂತು ಮೂತಿ ಸೊಟ್ಟ ಮಾಡಿ ನನ್ನನ್ನು ನಗಿಸಿದ್ದೆ, ನೆನಪಿದೆಯಾ? ಹೊಸ ಕಾರ್ಡಿನಲ್ಲಿ ನಾನು ನಗುತ್ತಿಲ್ಲ. ತೂತು ವಿಳಾಸದ ಮೇಲೆ ಬಿದ್ದಿದೆ, ಮುಖಕ್ಕೆ ಏನೂ ಆಗಿಲ್ಲ. ನಿನ್ನ ಹತ್ತಿರವೇ ಇರಲಿ.